ಹಳೆ ಜಾವಾ, ಯೆಜ್ಡಿಗೆ ಸರಿಯಾದ ಬ್ರೇಕ್ ಸಾಮಾನು, ಸರಿಯಾದ ಬೋಲ್ಟು ಹುಡುಕುವ ಬಗೆ

ಜಾವಾ, ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ಈ ಗಾಡಿಗಳನ್ನು ಓಡಿಸುತ್ತಿರುವುದು ಅಂಗಡಿಗಳ ಅಟ್ಟದಲ್ಲಿ ಉಳಿದ ಹಳೆ ಸ್ಟಾಕು, ಸಣ್ಣಪುಟ್ಟ ವರ್ಕ್‌ಶಾಪುಗಳು ಮಾಡುವ ಲೋಕಲ್ ಮಾಲು, ಜಾವಾದ ತವರಾದ ಜೆಕ್ ದೇಶದಿಂದ ಬರುವ ಹೊಸ ತಯಾರಿಕೆ ಮತ್ತು ಗುಜರಿ. ನಾಲ್ಕೂ ಕಡೆಯ ಸಾಮಾನಿನ ಮೇಲೆ ಅಂಟಿಸಿರುವ ಚೀಟಿ ಒಂದೇ: 'ಜಾವಾ ಬ್ರೇಕ್ ಶೂ' (ಚಕ್ರದ ನಡುವಿನ ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಬಿಲ್ಲಿನಾಕಾರದ ತುಂಡು). ಒಳಗಿನ ಅಳತೆ ಮಾತ್ರ ನಾಲ್ಕು ಥರ. ಎಂಜಿನ್ ಸಾಮಾನು ತಪ್ಪಾದರೆ ಗಾಡಿ ನಿಂತುಹೋಗುತ್ತದೆ, ಬ್ರೇಕ್ ಸಾಮಾನು ತಪ್ಪಾದರೆ ಗಾಡಿ ನಿಲ್ಲುವುದೇ ಇಲ್ಲ. ಹಾಗಾಗಿ ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ: ಗಾಡಿಯ ಹೆಸರು ಹೇಳಿ ಕೊಳ್ಳಬೇಡಿ, ಅಳತೆ ಹೇಳಿ ಕೊಳ್ಳಿ.

ಮೊದಲು ನಿಮ್ಮ ಗಾಡಿ ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಇದೇನು ಪ್ರಶ್ನೆ ಅನ್ನಿಸಬಹುದು. ಆದರೆ ಮೈಸೂರಿನಲ್ಲಿ 1961ರಿಂದ ಜಾವಾ ಹೆಸರಿನಲ್ಲಿ ಬಂದ 250 ಸಿಸಿ ಗಾಡಿಗೆ 16 ಇಂಚಿನ ಚಕ್ರ. ಆಮೇಲೆ ಯೆಜ್ಡಿ ಹೆಸರಿನಲ್ಲಿ ಬಂದ ರೋಡ್‌ಕಿಂಗ್‌ಗೆ 18 ಇಂಚು. ನಡುವೆ ಬೇರೆ ಬೇರೆ ಮಾಡೆಲ್‌ಗಳು ಬಂದು ಹೋದವು, ಹಬ್ಬು (ಚಕ್ರದ ನಡುಭಾಗ), ಬ್ರೇಕ್ ಪ್ಲೇಟು (ಶೂಗಳನ್ನು ಹೊತ್ತ ತಟ್ಟೆ) ಬದಲಾದವು. ಅದು ಸಾಲದೆಂಬಂತೆ, ನಲವತ್ತು ಐವತ್ತು ವರ್ಷ ಓಡಿದ ಗಾಡಿಯಲ್ಲಿ ಯಾರೋ ಯಾವತ್ತೋ ಚಕ್ರವನ್ನೇ ಬದಲಿಸಿರುತ್ತಾರೆ. ಆರ್‌ಸಿ ಪುಸ್ತಕದಲ್ಲಿ 1968 ಎಂದಿದ್ದರೂ ಹಿಂದಿನ ಹಬ್ಬು ಎಂಬತ್ತರ ದಶಕದ್ದಾಗಿರಬಹುದು.

ಆದ್ದರಿಂದ ಎಂಜಿನ್ ನಂಬರು, ಚಾಸಿ ನಂಬರು ಬರೆದಿಟ್ಟುಕೊಳ್ಳಿ, ಆದರೆ ಅವುಗಳಿಂದ ಬ್ರೇಕಿನ ವಿಷಯ ತೀರ್ಮಾನ ಮಾಡಬೇಡಿ. ಮುಂದಿನ ಹಬ್ಬು, ಹಿಂದಿನ ಹಬ್ಬು ಎರಡನ್ನೂ ಬೇರೆ ಬೇರೆ ಗಾಡಿಯದ್ದು ಎಂದುಕೊಂಡೇ ಅಳೆಯಿರಿ. ಹಳೆ ಸ್ಪೇರ್ ಪಾರ್ಟ್ಸ್ ಕ್ಯಾಟಲಾಗಿನ ಪ್ರತಿ ಸಿಕ್ಕರೆ ಬಹಳ ಅನುಕೂಲ. ಜಾವಾ ಯೆಜ್ಡಿ ಬಳಗದವರ ಹತ್ತಿರ ಝೆರಾಕ್ಸ್ ಆದರೂ ಇದ್ದೇ ಇರುತ್ತದೆ. ಅದರಲ್ಲಿ ಬಿಡಿಬಿಡಿಯಾಗಿ ತೋರಿಸಿರುವ ಚಿತ್ರ ನೋಡಿದರೆ ನಿಮ್ಮ ಗಾಡಿಯಲ್ಲಿ ಯಾವ ವಾಷರ್ ಕಾಣೆಯಾಗಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಕಾಣೆಯಾದ ವಸ್ತುವಿನ ಸ್ಯಾಂಪಲ್ ನಿಮ್ಮ ಕೈಯಲ್ಲಿ ಇರುವುದಿಲ್ಲವಲ್ಲ, ಅದಕ್ಕೆ ಚಿತ್ರವೇ ಗತಿ.

ಇನ್ನೊಂದು ಗೊಂದಲ ಈಚಿನದು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮತ್ತೆ ಬಂದವು. ಅವು ಡಿಸ್ಕ್ ಬ್ರೇಕಿನ, ಫೋರ್ ಸ್ಟ್ರೋಕ್ ಗಾಡಿಗಳು. ಆನ್‌ಲೈನಿನಲ್ಲಿ 'ಯೆಜ್ಡಿ ಬ್ರೇಕ್' ಎಂದು ಹುಡುಕಿದರೆ ಮೊದಲು ಬರುವುದು ಅವುಗಳದ್ದೇ ಸಾಮಾನು. ನಮ್ಮ ಹಳೆ ಟೂ ಸ್ಟ್ರೋಕ್‌ಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಕೌಂಟರಿನಲ್ಲಿ "ಹಳೇದೋ ಹೊಸದೋ ಸಾರ್?" ಎಂದು ಕೇಳುವ ಅಂಗಡಿಯವರು ಸಿಕ್ಕರೆ ನಿಮ್ಮ ಪುಣ್ಯ. ಕೇಳದವರಿಗೆ ನೀವೇ ಹೇಳಿ.

ಬಿಚ್ಚುವಾಗ ಏನನ್ನೂ ಬಿಸಾಡಬೇಡಿ

ಪ್ರತಿ ಜಾಗದ ಬೋಲ್ಟು, ನಟ್ಟು, ವಾಷರುಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಟಿ ಬರೆದಿಡಿ: 'ಮುಂದಿನ ಬ್ರೇಕ್ ಲಿವರ್', 'ಹಿಂದಿನ ಬ್ರೇಕ್ ಪ್ಲೇಟ್ ಹಿಡಿಯುವ ಬೋಲ್ಟು' ಹೀಗೆ. ತುಕ್ಕು ತಿಂದ ಬೋಲ್ಟು ಕೂಡ ಸ್ಯಾಂಪಲ್ ಆಗಿ ಬೇಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡೂ ಬದಿಯಿಂದ ಫೋಟೋ ತೆಗೆದುಕೊಳ್ಳಿ. ಶೂ ಯಾವ ಬದಿ, ಸ್ಪ್ರಿಂಗಿನ ಕೊಕ್ಕೆ ಒಳಗೋ ಹೊರಗೋ ಎಂಬ ಜಗಳ ಮೂರು ತಿಂಗಳಾದ ಮೇಲೆ ಬರುತ್ತದೆ.

ಡ್ರಮ್ ತೆರೆದಾಗ ಕಾಣುವ ಕಪ್ಪು ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಆ ಕಾಲದ ಲೈನಿಂಗ್‌ನಲ್ಲಿ (ಶೂ ಮೇಲಿನ ಉಜ್ಜುವ ಪದರ) ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಹೋದರೆ ಅದು ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಗ್ಯಾರೇಜಿನ ಹುಡುಗರು ಇದನ್ನು ನೋಡಿ ನಗುತ್ತಾರೆ. ನಗಲಿ.

ಡ್ರಮ್ ಅಳತೆ ಆಗದೆ ಶೂ ಕೊಳ್ಳಬೇಡಿ

ಹೆಚ್ಚಿನವರು ಮೊದಲು ಶೂ ತಂದು, ಹಾಕಿ ನೋಡಿ, ಕೂರದಿದ್ದರೆ ಆಮೇಲೆ ಡ್ರಮ್ ಕಡೆ ತಿರುಗುತ್ತಾರೆ. ಇದು ಉಲ್ಟಾ ಆಗಬೇಕು. ಹಳೆ 250 ಜಾವಾದ ಡ್ರಮ್ಮಿನ ಮೂಲ ಒಳ ಅಳತೆ 160 ಮಿ.ಮೀ. ಆದರೆ ಸವೆತ, ಹಿಂದೆ ಯಾರೋ ಲೇತಿಗೆ ಕೊಟ್ಟು ಒಳಮೈ ಕೆರೆಸಿದ್ದು ಎಲ್ಲ ಸೇರಿ ಈಗ ಅದು ಎಷ್ಟಿದೆಯೋ ಅದೇ ನಿಮ್ಮ ಅಳತೆ. ವರ್ನಿಯರ್ (ಮಿ.ಮೀ.ನ ಭಾಗವನ್ನೂ ಅಳೆಯುವ ಉಪಕರಣ) ತೆಗೆದುಕೊಂಡು ಡ್ರಮ್ಮಿನ ಒಳಗೆ ಮೂರು ಕಡೆ ಅಳೆಯಿರಿ. ಬಾಯಿಯ ಅಂಚಿನಲ್ಲಿ ಸವೆಯದ ಏಣು ಇರುತ್ತದೆ, ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಶೂ ಉಜ್ಜುವ ಜಾಗದಲ್ಲೇ ಅಳೆಯಬೇಕು. ಮೂರು ಅಳತೆಗಳ ನಡುವೆ 0.2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡ್ರಮ್ ದುಂಡಗಿಲ್ಲ ಎಂದರ್ಥ. ಓಡಿಸುವಾಗ ಬ್ರೇಕ್ ಲಿವರ್ ಬೆರಳಿನ ಕೆಳಗೆ ಮಿಡಿಯುತ್ತಿದ್ದರೆ ಕಾರಣ ಇದೇ.

ಲೇತಿನಲ್ಲಿ ಡ್ರಮ್ಮಿನ ಒಳಮೈ ಕೆರೆಸಬೇಕಾದರೆ ಒಂದು ಕ್ರಮ ಇದೆ. ಹೊಸ ಸ್ಪೋಕ್ ಹಾಕಿ, ರಿಮ್ ನೇರ ಮಾಡಿ, ಸ್ಪೋಕ್ ಎಲ್ಲ ಬಿಗಿಯಾದ ಮೇಲೆಯೇ ಡ್ರಮ್ ಕೆರೆಸಬೇಕು. ಸ್ಪೋಕುಗಳ ಎಳೆತಕ್ಕೆ ಹಬ್ಬಿನ ದುಂಡು ತುಸು ಕೆಡುತ್ತದೆ. ಬರೀ ಹಬ್ಬನ್ನು ಲೇತಿಗೆ ಕಟ್ಟಿ ದುಂಡಗೆ ಮಾಡಿಸಿ, ಆಮೇಲೆ ಸ್ಪೋಕ್ ಕಟ್ಟಿಸಿದರೆ ಕೊಟ್ಟ ದುಡ್ಡು ದಂಡ. ಇಡೀ ಚಕ್ರವನ್ನು ಕಟ್ಟಿ ತಿರುಗಿಸುವಷ್ಟು ದೊಡ್ಡ ಲೇತು ಎಲ್ಲ ಕಡೆ ಇರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ಟರ್ನರ್‌ಗೆ 'ಗೆರೆ ಹೋಗುವಷ್ಟು ಮಾತ್ರ ತೆಗೆಯಿರಿ' ಎಂದು ಎದುರಿಗೇ ಹೇಳಿ. ತೆಗೆದದ್ದನ್ನು ಮತ್ತೆ ತುಂಬಲಾಗುವುದಿಲ್ಲ.

ಶೂ: ಹೊಸದು ಕೊಳ್ಳುವುದೋ, ಹಳೆಯದಕ್ಕೆ ಲೈನಿಂಗ್ ಹಾಕಿಸುವುದೋ

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ನಿಮ್ಮ ಹಳೆ ಶೂ ಒರಿಜಿನಲ್ ಆಗಿದ್ದು, ಎರಕ ಬಿರುಕು ಬಿಡದೆ, ಕ್ಯಾಮ್ (ತಿರುಗಿ ಶೂಗಳನ್ನು ಅಗಲಿಸುವ ತುಂಡು) ಒತ್ತುವ ಮೈ ಗುಳಿ ಬೀಳದೆ ಇದ್ದರೆ ಅದಕ್ಕೇ ಹೊಸ ಲೈನಿಂಗ್ ಹಾಕಿಸಿ. ಆ ಶೂ ಆ ಪ್ಲೇಟಿನ ಪಿನ್ನಿಗೆ, ಆ ಕ್ಯಾಮಿಗೆ ಹೊಂದಿಕೊಂಡೇ ಇದೆ. ಲಾರಿ, ಬಸ್ಸುಗಳಿಗೆ ಲೈನಿಂಗ್ ಹಾಕುವ ಅಂಗಡಿಗಳು ಹೆಚ್ಚಿನ ಜಿಲ್ಲಾ ಕೇಂದ್ರಗಳಲ್ಲಿ ಇವೆ. ಅವರಲ್ಲಿ ಕೆಲವರು ಬೈಕಿನ ಶೂ ಕೂಡ ಮಾಡಿಕೊಡುತ್ತಾರೆ. ಕೇಳಬೇಕಾದದ್ದು: ಆಸ್ಬೆಸ್ಟಾಸ್ ಇಲ್ಲದ ಲೈನಿಂಗ್ ಇದೆಯೇ, ರಿವೆಟ್ ಹೊಡೆಯುತ್ತೀರೋ ಅಂಟಿಸಿ ಬಿಸಿ ಮಾಡುತ್ತೀರೋ, ದಪ್ಪ ಎಷ್ಟು ಕೊಡುತ್ತೀರಿ. ಡ್ರಮ್ ದೊಡ್ಡದಾಗಿದ್ದರೆ ತುಸು ದಪ್ಪ ಲೈನಿಂಗ್ ಹಾಕಿಸಿ ಆ ಅಂತರ ತುಂಬಬಹುದು. ಹೊಸ ರೆಡಿಮೇಡ್ ಶೂನಲ್ಲಿ ಈ ಸೌಲಭ್ಯವಿಲ್ಲ.

ಹೊಸದನ್ನೇ ಕೊಳ್ಳಬೇಕಾಗಿ ಬಂದರೆ ಬ್ರೇಕ್ ಪ್ಲೇಟನ್ನೇ ಅಂಗಡಿಗೆ ಒಯ್ಯಿರಿ. ಕ್ಯಾಮ್, ಸ್ಪ್ರಿಂಗ್ ಸಮೇತ. ಕೌಂಟರಿನ ಮೇಲೆ ಪ್ಲೇಟ್ ಇಟ್ಟು, ಎರಡೂ ಶೂ ಕೂರಿಸಿ, ಸ್ಪ್ರಿಂಗ್ ಹಾಕಿ. ಈಗ ನೋಡಿ:

ಪಿನ್ನಿನ ಕಡೆಯ ತುದಿ ಪಿನ್ನನ್ನು ಪೂರ್ತಿ ತಬ್ಬಿಕೊಂಡಿದೆಯೇ, ಅಥವಾ ಒಂದು ಅಂಚಿನಲ್ಲಿ ಮಾತ್ರ ತಾಕುತ್ತಿದೆಯೇ? ಕ್ಯಾಮ್ ಮಲಗಿದ ಸ್ಥಿತಿಯಲ್ಲಿ ಎರಡೂ ಶೂಗಳ ಚಪ್ಪಟೆ ಮೈ ಕ್ಯಾಮಿಗೆ ಸಮನಾಗಿ ಒರಗಿದೆಯೇ? ಶೂ ಅಗಲ ಡ್ರಮ್ಮಿನ ಅಗಲಕ್ಕಿಂತ ಹೆಚ್ಚಾಗಿ ಹೊರಗೆ ಇಣುಕುತ್ತಿದೆಯೇ? ಇಷ್ಟಾದ ಮೇಲೆ ವರ್ನಿಯರ್ ತೆರೆದು ಒಂದು ಶೂವಿನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಹೊರ ಅಳತೆ ತೆಗೆಯಿರಿ. ಡ್ರಮ್ 160.6 ಇದ್ದು ಶೂ ಜೋಡಿ 159.8 ಬಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. 157 ಬಂದರೆ ವಾಪಸ್ ಕೊಡಿ. "ಅಡ್ಜಸ್ಟರ್ ಟೈಟ್ ಮಾಡ್ಕೊಂಡ್ರೆ ಆಯ್ತು ಸಾರ್" ಎಂದು ಹೇಳುತ್ತಾರೆ, ಕೇಳಬೇಡಿ. ಅಷ್ಟು ಸಣ್ಣ ಶೂ ಡ್ರಮ್ಮಿಗೆ ಮುಟ್ಟಬೇಕಾದರೆ ಕ್ಯಾಮ್ ಬಹಳ ದೂರ ತಿರುಗಬೇಕು. ಲೈನಿಂಗ್ ಇನ್ನೂ ಸವೆದ ಮೇಲೆ ಕ್ಯಾಮ್ ನೆಟ್ಟಗೆ ನಿಂತು, ಸ್ಪ್ರಿಂಗಿಗೆ ಅದನ್ನು ಹಿಂದಕ್ಕೆ ಎಳೆಯಲಾಗದೆ, ಚಕ್ರ ಕಚ್ಚಿಕೊಳ್ಳುವ ಅಪಾಯವಿದೆ. ಜತೆಗೆ ಶೂವಿನ ಬಾಗು ಡ್ರಮ್ಮಿನ ಬಾಗಿಗಿಂತ ಚಿಕ್ಕದಾಗಿರುವುದರಿಂದ ನಡುವೆ ಒಂದು ಪಟ್ಟಿ ಮಾತ್ರ ಉಜ್ಜುತ್ತದೆ.

ಡೂಪ್ಲಿಕೇಟ್ ಶೂ ಗುರುತಿಸಲು ಪ್ಯಾಕೆಟ್ ನೋಡಿ ಪ್ರಯೋಜನವಿಲ್ಲ, ಪ್ಯಾಕೆಟ್ ಮುದ್ರಿಸುವುದು ಶೂ ಮಾಡುವುದಕ್ಕಿಂತ ಸುಲಭ. ಎರಕದ ಮೇಲೆ ಸೂಜಿತೂತುಗಳು, ಲೈನಿಂಗ್ ಅಂಚಿನಲ್ಲಿ ಅಂಟು ಬಿಟ್ಟ ಸಂದು, ಜೋಡಿಯ ಎರಡು ಶೂಗಳ ತೂಕದಲ್ಲೇ ವ್ಯತ್ಯಾಸ, ಇವನ್ನು ನೋಡಿ. ಬೆರಳಿನ ಗೆಣ್ಣಿನಿಂದ ಲೈನಿಂಗ್ ಉದ್ದಕ್ಕೂ ತಟ್ಟುತ್ತ ಹೋಗಿ, ಅಂಟು ಬಿಟ್ಟ ಕಡೆ ಸದ್ದು ಟೊಳ್ಳಾಗುತ್ತದೆ. ಹಳೆ ಸ್ಟಾಕಿನ ಒರಿಜಿನಲ್ ಕೂಡ ಹಾಗೇ ನಂಬುವಂಥದ್ದಲ್ಲ: ಮೂವತ್ತು ವರ್ಷ ಡಬ್ಬದಲ್ಲಿದ್ದ ಲೈನಿಂಗಿನ ಅಂಟು ಒಣಗಿ ಸಡಿಲವಾಗಿರಬಹುದು, ಆಸ್ಬೆಸ್ಟಾಸೂ ಇರಬಹುದು. ಎರಕ ಚೆನ್ನಾಗಿರುತ್ತದೆ, ಆದ್ದರಿಂದ ಅಂಥದ್ದು ಸಿಕ್ಕರೆ ಕೊಂಡು ಹೊಸ ಲೈನಿಂಗ್ ಹಾಕಿಸಿ. ಗ್ರೀಸೋ ಆಯಿಲ್ಲೋ ಕುಡಿದ ಲೈನಿಂಗ್ ಮಾತ್ರ ಯಾವ ಪೆಟ್ರೋಲಿನಲ್ಲಿ ತೊಳೆದರೂ ಸರಿಹೋಗುವುದಿಲ್ಲ.

ಸ್ಪ್ರಿಂಗು, ಕ್ಯಾಮು, ಕೇಬಲ್ಲು ಇವುಗಳ ಬಗ್ಗೆ ಚುಟುಕಾಗಿ. ಸ್ಪ್ರಿಂಗನ್ನು ಬಿಚ್ಚಿ ಕೈಯಲ್ಲಿ ಹಿಡಿದಾಗ ಸುತ್ತುಗಳ ನಡುವೆ ಬೆಳಕು ಕಂಡರೆ ಬದಲಿಸಿ. ಕ್ಯಾಮ್ ಸ್ಪಿಂಡಲ್ ಪ್ಲೇಟಿನ ತೂತಿನಲ್ಲಿ ಗಡಗಡ ಅಂದರೆ ಪ್ಲೇಟಿಗೆ ಬುಶ್ ಹಾಕಿಸಬೇಕು, ಬರೀ ಕ್ಯಾಮ್ ಬದಲಿಸಿ ಸುಖವಿಲ್ಲ. ಕ್ಯಾಮನ್ನು ಲೇತಿನಲ್ಲಿ ಮಾಡಿಸುವುದಾದರೆ ಸಾದಾ ಮೈಲ್ಡ್ ಸ್ಟೀಲ್ ಬೇಡ, ಬೇಗ ಗುಳಿ ಬೀಳುತ್ತದೆ. ಇಎನ್24 ಎಂಬ ಗಟ್ಟಿ ಉಕ್ಕು ಕೇಳಿ, ಹಾರ್ಡನಿಂಗ್ ಮಾಡಿಸಿ. ಕೇಬಲ್ಲಿನ ಉದ್ದ, ನಿಪ್ಪಲ್ಲಿನ (ಕೇಬಲ್ ತುದಿಯ ಗುಂಡು) ಆಕಾರ ಎರಡೂ ಹಳೆಯದಕ್ಕೆ ಸರಿಸಮ ಇರಬೇಕು. ಹ್ಯಾಂಡಲ್ ಬದಲಾಗಿದ್ದರೆ ಈಗಿನ ಹ್ಯಾಂಡಲ್ಲಿಗೆ ತಕ್ಕ ಉದ್ದ.

ಬೋಲ್ಟು: ಇಲ್ಲಿಯೇ ಹೆಚ್ಚು ಮೋಸ

ಜಾವಾ, ಯೆಜ್ಡಿ ಮೆಟ್ರಿಕ್ ಗಾಡಿಗಳು. ಅದೇ ಕಾಲದ ಬುಲೆಟ್ಟು ಬ್ರಿಟಿಷ್ ಇಂಚಿನ ತ್ರೆಡ್ಡಿನದು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಇವೆರಡೂ ಪಕ್ಕಪಕ್ಕದಲ್ಲೇ ರಿಪೇರಿಯಾದವು, ಬೋಲ್ಟುಗಳೆಲ್ಲ ಒಂದೇ ಡಬ್ಬದಲ್ಲಿ ಬಿದ್ದವು. ಅದರ ಫಲ ಇವತ್ತು ನಿಮ್ಮ ಬ್ರೇಕ್ ಲಿವರಿನಲ್ಲಿ ಸಿಗುತ್ತದೆ: ಎಂ8 (8 ಮಿ.ಮೀ. ದಪ್ಪದ ಮೆಟ್ರಿಕ್ ಬೋಲ್ಟು) ಇರಬೇಕಾದ ಕಡೆ 5/16 ಇಂಚಿನದನ್ನು ಸ್ಪ್ಯಾನರಿನಿಂದ ಒತ್ತಾಯವಾಗಿ ತಿರುಗಿಸಿ ಕೂರಿಸಿರುತ್ತಾರೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವತ್ತಿಗೂ ನೂಲಿನ ಲೆಕ್ಕದಲ್ಲಿ, ಅಂದರೆ ಇಂಚಿನ ಭಾಗಗಳಲ್ಲಿ, ಬೋಲ್ಟು ಕೇಳುವವರು ಇದ್ದಾರೆ, ಕೊಡುವವರೂ ಇದ್ದಾರೆ.

ದಪ್ಪ ಅಳೆದು ಇದನ್ನು ಕಂಡುಹಿಡಿಯಲಾಗುವುದಿಲ್ಲ. 5/16 ಇಂಚು ಎಂದರೆ 7.94 ಮಿ.ಮೀ. ಎಂ8 ಬೋಲ್ಟನ್ನು ಅಳೆದರೂ ವರ್ನಿಯರ್ ಸುಮಾರು 7.9 ತೋರಿಸುತ್ತದೆ. ವ್ಯತ್ಯಾಸ ಇರುವುದು ತ್ರೆಡ್ಡಿನ ಪಿಚ್ಚಿನಲ್ಲಿ, ಅಂದರೆ ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ದೂರದಲ್ಲಿ. ಪಿಚ್ ಗೇಜ್ ಕೊಳ್ಳಿ, ದುಬಾರಿಯೇನಲ್ಲ. ಅದಿಲ್ಲದಿದ್ದರೆ ಒಂದು ಏಣಿನ ತುದಿಯಿಂದ ಶುರುಮಾಡಿ ಹತ್ತು ತ್ರೆಡ್ ದಾಟಿ ಹನ್ನೊಂದನೆಯ ಏಣಿನ ತುದಿಯವರೆಗೆ ಅಳೆಯಿರಿ. 12.5 ಮಿ.ಮೀ. ಬಂದರೆ ಎಂ8 ಮಾಮೂಲಿ ತ್ರೆಡ್. 14.1 ಬಂದರೆ ಇಂಚಿಗೆ 18 ತ್ರೆಡ್ಡಿನ 5/16. 11.5 ಬಂದರೆ ಇಂಚಿಗೆ 22 ತ್ರೆಡ್ಡಿನ ಬಿಎಸ್ಎಫ್ (ಬ್ರಿಟಿಷ್ ಸಣ್ಣ ತ್ರೆಡ್), ಅದು ಬುಲೆಟ್ಟಿನ ಕಡೆಯದು. ಇದೇ ರೀತಿ ಎಂ6ಕ್ಕೆ ಹತ್ತು ತ್ರೆಡ್ಡಿಗೆ 10 ಮಿ.ಮೀ. ಬರಬೇಕು. ಎಂ10ರಲ್ಲಿ ಹುಷಾರು: ಮಾಮೂಲಿ 1.5, ಜಪಾನ್ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ 1.25, ಇನ್ನೂ ಸಣ್ಣ 1.0 ಎಂದು ಮೂರು ಥರ ಅಂಗಡಿಯಲ್ಲೇ ಇರುತ್ತವೆ.

ಬೋಲ್ಟು ಸರಿ ಎಂದಾದರೂ ತೂತು ಕೆಟ್ಟಿರಬಹುದು. ಹೊಸ ಎಂ8 ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ, ಕೊನೆವರೆಗೆ ಸಲೀಸಾಗಿ ಹೋಗಬೇಕು, ಅಲ್ಲಾಡಿಸಿದರೆ ಆಡಬಾರದು. ಎರಡು ಸುತ್ತು ಹೋಗಿ ಗಪ್ಪನೆ ನಿಂತರೆ ಯಾರೋ ಇಂಚಿನದನ್ನು ಕೂರಿಸಿದ್ದಾರೆ. ಅಲ್ಯೂಮಿನಿಯಂನಲ್ಲಿ ತ್ರೆಡ್ ಸ್ಲಿಪ್ ಆಗಿದ್ದರೆ ದೊಡ್ಡ ಬೋಲ್ಟಿಗೆ ಟ್ಯಾಪ್ ಹೊಡೆಯುವ ಹಳೆ ಚಾಳಿ ಬಿಡಿ, ತ್ರೆಡ್ ಇನ್ಸರ್ಟ್ (ತೂತಿನೊಳಗೆ ಕೂರಿಸುವ ಹೊಸ ತ್ರೆಡ್ಡಿನ ತುಂಡು) ಹಾಕಿಸಿದರೆ ಮೂಲ ಅಳತೆಯೇ ಉಳಿಯುತ್ತದೆ.

ಇನ್ನು ತಲೆಯ ಅಳತೆ. ಗಾಡಿಯ ಜತೆ ಬಂದ ಹಳೆ ಟೂಲ್ ಕಿಟ್ಟಿನ 17ರ ಸ್ಪ್ಯಾನರ್ ಎಂ10 ಬೋಲ್ಟಿಗೆ ಕೂರಬೇಕೆಂದಿದ್ದರೆ ಡಿನ್ (ಜರ್ಮನ್) ಅಳತೆಯ ಬೋಲ್ಟು ಕೇಳಬೇಕು. ಹೊಸ ಐಎಸ್ಒ (ಅಂತರರಾಷ್ಟ್ರೀಯ) ಅಳತೆಯಲ್ಲಿ ಎಂ10ರ ತಲೆ 16, ಎಂ12ರ ತಲೆ 18. ಡಿನ್‌ನಲ್ಲಿ ಅವು 17 ಮತ್ತು 19. ಜಪಾನ್ ಕಡೆಯದಾದರೆ ಎಂ8ಕ್ಕೆ 12, ಎಂ10ಕ್ಕೆ 14. ಬ್ರೇಕಿಗೆ ಇದರಿಂದ ಅಪಾಯವೇನಿಲ್ಲ, ಆದರೆ ರೀಸ್ಟೋರ್ ಮಾಡಿದ ಗಾಡಿಯ ಮೇಲೆ ಚಿಕ್ಕ ತಲೆಯ ಬೋಲ್ಟು ಕಂಡರೆ ಬಲ್ಲವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ನೋಟಕ್ಕಿಂತ ಮುಖ್ಯವಾದದ್ದು ತಲೆಯ ಮೇಲಿನ ಅಂಕಿ, ಬೋಲ್ಟಿನ ಗಟ್ಟಿತನ ಹೇಳುವುದು ಅದೇ. ಬ್ರೇಕಿಗೆ ಸಂಬಂಧಪಟ್ಟ ಯಾವ ಬೋಲ್ಟೂ 8.8ಕ್ಕಿಂತ ಕಡಿಮೆ ಇರಬಾರದು. ಅಂಕಿಯೇ ಇಲ್ಲದ ಬೋಲ್ಟನ್ನು ಗೇಟಿಗೆ, ಕಿಟಕಿಗೆ ಹಾಕಿಕೊಳ್ಳಿ. ಹಾಗಂತ 12.9 ಹಾಕಿದರೆ ಇನ್ನೂ ಗಟ್ಟಿ ಎಂದುಕೊಳ್ಳಬೇಡಿ. ಅಷ್ಟು ಗಡಸು ಉಕ್ಕನ್ನು ಆಸಿಡ್‌ನಲ್ಲಿ ಅದ್ದಿ ಜಿಂಕ್ ಪ್ಲೇಟಿಂಗ್ ಮಾಡಿಸಿದರೆ ಹೈಡ್ರೋಜನ್ ಒಳಸೇರಿ, ಒಂದು ದಿನ ಮುನ್ಸೂಚನೆಯಿಲ್ಲದೆ ಬೋಲ್ಟು ತುಂಡಾಗಬಹುದು. ಸ್ಟೇನ್‌ಲೆಸ್ ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಎಲ್ಲ ನಿಜ. ಆದರೆ ಮಾರುಕಟ್ಟೆಯ ಎ2-70 ದರ್ಜೆಯ ಸ್ಟೇನ್‌ಲೆಸ್ 8.8ಕ್ಕಿಂತ ಬೇಗ ಹಿಗ್ಗುತ್ತದೆ, ಬಿಗಿ ಮಾಡುವಾಗ ತ್ರೆಡ್ ಕಚ್ಚಿಕೊಳ್ಳುವ ಚಟ ಬೇರೆ. ಮಡ್‌ಗಾರ್ಡಿಗೆ ಹಾಕಿ, ಬ್ರೇಕ್ ಪ್ಲೇಟಿಗೆ ಬೇಡ.

ಬ್ರೇಕ್ ಪ್ಲೇಟು ಚಕ್ರದ ಜತೆ ತಿರುಗದಂತೆ ಹಿಡಿಯುವ ಬೋಲ್ಟು ಎಲ್ಲಕ್ಕಿಂತ ಮುಖ್ಯ. ನೀವು ಬ್ರೇಕ್ ಒತ್ತಿದಾಗ ಇಡೀ ಬಲ ಅದರ ಮೇಲೆ ಅಡ್ಡಲಾಗಿ ಬೀಳುತ್ತದೆ. ಇದಕ್ಕೆ ಪೂರ್ತಿ ತ್ರೆಡ್ ಇರುವ ಬೋಲ್ಟು ಹಾಕಬಾರದು. ತ್ರೆಡ್ಡಿನ ಸಂದಿನಲ್ಲೇ ಕತ್ತರಿಸುತ್ತದೆ. ಅಡ್ಡ ಬಲ ಬೀಳುವ ಜಾಗದಲ್ಲಿ ನುಣುಪು ಮೈ ಇರಬೇಕು, ತ್ರೆಡ್ ನಟ್ಟಿನ ಕಡೆ ಮಾತ್ರ. ಅಂಗಡಿಯಲ್ಲಿ ಡಿನ್ 931 ಎಂದು ಕೇಳಿ (ಅರ್ಧ ತ್ರೆಡ್), 933 ಎಂದರೆ ಪೂರ್ತಿ ತ್ರೆಡ್. ಮೂಲದಲ್ಲಿ ಸ್ಪ್ಲಿಟ್ ಪಿನ್ ಇದ್ದ ಕಡೆ ಸ್ಪ್ಲಿಟ್ ಪಿನ್ನೇ ಹಾಕಿ, ಹೊಸದನ್ನು. ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವುದು) ಒಮ್ಮೆ ಬಿಚ್ಚಿದರೆ ಅದರ ಹಿಡಿತ ಹೋಯಿತು ಎಂದೇ ಲೆಕ್ಕ.

ಎಲ್ಲಿ ಹುಡುಕುವುದು

ಬೆಂಗಳೂರಿನಲ್ಲಿ ಗಾಡಿ ಸಾಮಾನಿಗೆ ಜೆ.ಸಿ. ರಸ್ತೆ, ಬೋಲ್ಟು, ಟೂಲು, ಗೇಜುಗಳಿಗೆ ಎಸ್.ಜೆ.ಪಿ. ರಸ್ತೆ. ಹೈಟೆನ್ಸೈಲ್ (8.8ರಂಥ ಗಟ್ಟಿ) ಬೋಲ್ಟು ಮಾತ್ರ ಮಾರುವ ಅಂಗಡಿಗೇ ಹೋಗಿ. ಬಣ್ಣ, ಪೈಪು, ಬೀಗ ಎಲ್ಲ ಮಾರುವ ಅಂಗಡಿಯಲ್ಲಿ 8.8 ಸಿಗುವುದು ಅದೃಷ್ಟ. ಮೈಸೂರಿನಲ್ಲಿ ಅಂಗಡಿಗಿಂತ ಹಳೆ ಮೆಕ್ಯಾನಿಕ್ಕುಗಳೇ ಆಸ್ತಿ. ಕಾರ್ಖಾನೆಯ ಊರಲ್ಲವೇ, ಇಂಥ ಹಬ್ಬಿಗೆ ಇಂಥ ಶೂ ಎಂದು ನೋಡಿಯೇ ಹೇಳುವವರು ಅಲ್ಲಿದ್ದಾರೆ. ಅವರ ಹತ್ತಿರ "ಯಜಮಾನ್ರೇ, ಇದು ಯಾವ ಮಾಡೆಲ್ಲಿನ ಪ್ಲೇಟು?" ಎಂದು ಕೇಳಿ ಕೂತರೆ ಒಂದು ಟೀ ಮುಗಿಯುವುದರೊಳಗೆ ಕ್ಯಾಟಲಾಗಿನಲ್ಲಿ ಸಿಗದ ವಿಷಯ ಸಿಗುತ್ತದೆ. ಹೊರ ರಾಜ್ಯದಲ್ಲಿ ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್ ಹೆಸರಾದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಗಾಡಿಗಳು ಸೇರುವಾಗ ಒಂದು ಸುತ್ತು ಹೋಗಿಬನ್ನಿ. ನಿಮ್ಮದೇ ಮಾಡೆಲ್ಲಿನ ಗಾಡಿಯ ಬೋಲ್ಟುಗಳನ್ನು ಹತ್ತಿರದಿಂದ ನೋಡಿ ಫೋಟೋ ತೆಗೆದುಕೊಳ್ಳಬಹುದು, ಸಾಮಾನು ಇರುವವರ ಪರಿಚಯವೂ ಆಗುತ್ತದೆ.

ಗುಜರಿಯಿಂದ ಹಬ್ಬು, ಬ್ರೇಕ್ ಪ್ಲೇಟು, ಲಿವರು ತರಬಹುದು. ಬೋಲ್ಟು, ಸ್ಪ್ರಿಂಗು, ಕೇಬಲ್ಲು ತರಬೇಡಿ. ಜೆಕ್ ದೇಶದಿಂದ ತರಿಸುವವರು ಅಲ್ಲಿನ 353 ಮಾಡೆಲ್ಲಿನ ಸಾಮಾನನ್ನು ನೋಡಬೇಕು, ನಮ್ಮ ಹಳೆ 250 ಜಾವಾದ ಮೂಲ ಅದೇ. ರೋಡ್‌ಕಿಂಗಿಗೆ ಅದು ಹೊಂದುತ್ತದೆಂದು ಊಹಿಸಿ ದುಡ್ಡು ಕಳಿಸಬೇಡಿ. ಆನ್‌ಲೈನ್ ಮಾರಾಟಗಾರ ಯಾರೇ ಆಗಲಿ, ವರ್ನಿಯರ್ ಇಟ್ಟು ತೆಗೆದ ಫೋಟೋ ಕೇಳಿ. ಕಳಿಸದವರ ಹತ್ತಿರ ಕೊಳ್ಳಬೇಡಿ.

ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿಬಿಡಿ, ಈ ತಲೆನೋವೇ ಬೇಡ ಎನ್ನುವವರು ಸಿಗುತ್ತಾರೆ. ದಿನಾ ಓಡಿಸುವ ಗಾಡಿಯಾದರೆ ಅದು ನಿಮ್ಮಿಷ್ಟ. ಆದರೆ 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬೇಕೆಂದಿದ್ದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ನನಗಂತೂ, ಸರಿಯಾಗಿ ಕೂರಿಸಿದ ಡ್ರಮ್ ಬ್ರೇಕು ಆ ಗಾಡಿಯ ವೇಗಕ್ಕೆ ಸಾಕು ಅನ್ನಿಸುತ್ತದೆ.

ಕೂರಿಸುವಾಗ

ಕ್ಯಾಮಿಗೆ, ಪಿನ್ನಿಗೆ ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ, ಲೈನಿಂಗಿಗೆ ಬೆರಳು ತಾಗಿಸಬೇಡಿ. ಚಕ್ರ ಹಾಕಿದ ಮೇಲೆ ಆಕ್ಸಲ್ ನಟ್ಟನ್ನು ಪೂರ್ತಿ ಬಿಗಿ ಮಾಡದೆ, ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಆಮೇಲೆ ಬಿಗಿ ಮಾಡಿ. ಶೂಗಳು ಡ್ರಮ್ಮಿನ ನಡುಮಧ್ಯಕ್ಕೆ ತಾವೇ ಬಂದು ಕೂರುತ್ತವೆ. ಶೂ ಡ್ರಮ್ಮಿಗೆ ಮುಟ್ಟುವ ಹೊತ್ತಿಗೆ ಬ್ರೇಕ್ ಲಿವರೂ ಕೇಬಲ್ಲೂ ಹೆಚ್ಚುಕಡಿಮೆ ಮೂಲೆಮಟ್ಟಕ್ಕೆ ಇರಬೇಕು. ಇಲ್ಲದಿದ್ದರೆ ಲಿವರನ್ನು ಒಂದು ಹಲ್ಲು ಹಿಂದೆ ಮುಂದೆ ಹಾಕಿ ನೋಡಿ. 8.8 ಬೋಲ್ಟಿಗೆ ಸುಮಾರು ಬಿಗಿ: ಎಂ6ಕ್ಕೆ 10 ನ್ಯೂಟನ್ ಮೀಟರ್, ಎಂ8ಕ್ಕೆ 25, ಎಂ10ಕ್ಕೆ 45ರಿಂದ 50. ಅಲ್ಯೂಮಿನಿಯಂಗೆ ಹೋಗುವ ಬೋಲ್ಟಾದರೆ ಇನ್ನೂ ಕಡಿಮೆ.

ಮೊದಲು ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗದೊಳಗೆ ಓಡಿಸಿ, ಮೆಲ್ಲಗೆ ಹತ್ತಾರು ಸಲ ಬ್ರೇಕ್ ಹಾಕಿ. ಕೈ ಹಬ್ಬಿಗೆ ತಾಗಿಸಿ ನೋಡಿ, ಬಿಸಿ ಹೆಚ್ಚಾಗಿದ್ದರೆ ಶೂ ಎಲ್ಲೋ ಉಜ್ಜುತ್ತಿದೆ. ಬಿಚ್ಚಿದಾಗ ಲೈನಿಂಗಿನ ಮೇಲೆ ಹೊಳಪು ಎಲ್ಲಿ ಬಿದ್ದಿದೆ ನೋಡಿಕೊಂಡು, ಆ ಜಾಗವನ್ನು ನಯವಾದ ಎಮರಿ ಕಾಗದದಿಂದ, ಒದ್ದೆ ಮಾಡಿಕೊಂಡು, ತುಸು ಉಜ್ಜಿ ಮತ್ತೆ ಹಾಕಿ. ಹೊಳಪು ಲೈನಿಂಗಿನ ಮುಕ್ಕಾಲು ಪಾಲಿಗೆ ಹರಡುವವರೆಗೆ ಹೈವೇಗೆ ಇಳಿಯಬೇಡಿ. ಸುಮಾರು 100 ಕಿ.ಮೀ. ಆದ ಮೇಲೆ ಪ್ಲೇಟಿನ ಬೋಲ್ಟು, ಆಕ್ಸಲ್ ನಟ್ಟು, ಲಿವರಿನ ಬೋಲ್ಟು ಮೂರಕ್ಕೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಡ್ರಮ್ಮಿನ ಅಳತೆ, ಹಾಕಿಸಿದ ಲೈನಿಂಗಿನ ದಪ್ಪ, ಬೋಲ್ಟುಗಳ ಪಿಚ್ಚು ಎಲ್ಲ ಒಂದು ಕಾಗದದಲ್ಲಿ ಬರೆದು ಆರ್‌ಸಿ ಜತೆ ಇಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಪ್ಲೇಟು ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.